ಗೇಟಿನ ಡಬ್ಬದಮ್ಮ

ನಮ್ಮ ಕಡೆ ಊರು ಒಳಗಿದ್ದು ಟಾರು ರಸ್ತೆ ದೂರ ಇದ್ದರೆ, ಬಸ್ಸು ನಿಲ್ಲುವ ಜಾಗಕ್ಕೆ ಗೇಟು ಎನ್ನುತ್ತಾರೆ. ಅಲ್ಲಿ ಗೇಟೂ ಇರುವುದಿಲ್ಲ, ಗೋಡೆಯೂ ಇರುವುದಿಲ್ಲ, ಹಾಗೇಕೆ ಕರೆಯುತ್ತೀರಿ ಎಂದು ಕೇಳಿದವರೂ ಇಲ್ಲ. ಪಾಂಡವಪುರ ತಾಲ್ಲೂಕಿನ ನಮ್ಮೂರ ಗೇಟಿನಲ್ಲಿ ಇದ್ದದ್ದು ಒಂದು ಹೊಂಗೆಮರ, ಒಂದು ಟೀ ಅಂಗಡಿ, ರಸ್ತೆಗೆ ಅಂಟಿಕೊಂಡಂತೆ ಹರಿಯುವ ನಾಲೆ. ನಾಲೆಗೂ ರಸ್ತೆಗೂ ನಡುವಿನ ಕಿರಿದಾದ ಮಣ್ಣಿನ ಬದಿಯಲ್ಲಿ ಕಬ್ಬಿಣದ ಕಂಬಕ್ಕೆ ಬಿಗಿದ ಒಂದು ಕೆಂಪು ಅಂಚೆ ಡಬ್ಬ ಇತ್ತು. ನಮ್ಮ ಮನೆಯ ನೆಮ್ಮದಿ ಹೋದದ್ದು ಆ ಡಬ್ಬದಿಂದ.

ಅಪ್ಪ ನಮ್ಮೂರಿನ ಬ್ರಾಂಚ್ ಪೋಸ್ಟ್‌ಮಾಸ್ಟರು. ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ನಮ್ಮ ಮನೆಯ ಜಗುಲಿಯೇ ಆಫೀಸು. ಒಂದು ಮರದ ಪೆಟ್ಟಿಗೆ, ಒಂದು ಮೊಹರು, ಸದಾ ಒಣಗಿರುತ್ತಿದ್ದ ಅಂಟಿನ ಬಾಟಲಿ. ಬೆಳಿಗ್ಗೆ ಗದ್ದೆಯ ಕೆಸರು ತುಳಿದು ಬಂದವನು ಕಾಲು ತೊಳೆದು, ಮಡಿಸಿಟ್ಟ ಶರ್ಟು ಹಾಕಿಕೊಂಡು ಜಗುಲಿಯ ಮೇಲೆ ಕುಳಿತನೆಂದರೆ ಬೇರೆಯೇ ಮನುಷ್ಯ. ಆ ಹೊತ್ತಿನಲ್ಲಿ ಅವ್ವ ಕೂಡ ಅವನನ್ನು ಬಯ್ಯುತ್ತಿರಲಿಲ್ಲ. ಗೇಟಿನ ಡಬ್ಬದ ಬೀಗದ ಕೈ ಅಪ್ಪನ ಉಡಿದಾರದಲ್ಲೇ ಇರುತ್ತಿತ್ತು, ಸ್ನಾನ ಮಾಡುವಾಗಲೂ.

ತೊಂಬತ್ತರ ದಶಕದ ಆ ವರ್ಷಗಳಲ್ಲಿ ನಮ್ಮೂರಿಗೆ ಇನ್ನೂ ಫೋನು ಬಂದಿರಲಿಲ್ಲ. ಸುತ್ತಲಿನ ಊರಿನವರೆಲ್ಲ ಬಸ್ಸು ಹತ್ತುವ ಮುಂಚೆ ಕಾಗದವನ್ನು ಆ ಡಬ್ಬದ ಬಾಯಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಒಮ್ಮೆ ತಟ್ಟಿ ನೋಡಿ ಹೋಗುತ್ತಿದ್ದರು. ಕಬ್ಬು ಅರೆಯುವ ಕಾಲ ಶುರುವಾದರೆ ತಟ್ಟುವವರು ಬೇರೆಯವರು. ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ಸಾಲು ಹಿಡಿಯುತ್ತಿದ್ದವು. ಟ್ರೈಲರಿನ ಪಕ್ಕಕ್ಕೆ ಜೋತುಬಿದ್ದ ಹುಡುಗರು ಕೈಯಲ್ಲೊಂದು ಕಬ್ಬಿನ ಜಲ್ಲೆ ಹಿಡಿದು, ಡಬ್ಬ ಹತ್ತಿರ ಬರುತ್ತಿದ್ದಂತೆ ಬೀಸಿ ಬಾರಿಸುತ್ತಿದ್ದರು. ಡಣ್ ಎಂದು ಸದ್ದು ಬಂದರೆ ಗೆದ್ದಂತೆ, ಬರದಿದ್ದರೆ ಮಿಕ್ಕವರು ಹೋ ಎಂದು ಗೇಲಿ ಮಾಡುತ್ತಿದ್ದರು. ಡಬ್ಬ ಸೊಟ್ಟಗಾಯಿತು, ಬಾಯಿಯ ತಗಡು ಕಿತ್ತುಹೋಯಿತು. ಅಪ್ಪ ಪ್ರತಿ ಸಲ ಸುತ್ತಿಗೆ ತೆಗೆದುಕೊಂಡು ಹೋಗಿ ನೆಟ್ಟಗೆ ಮಾಡಿ ಬರುತ್ತಿದ್ದ. ಬರುವಾಗ ದಾರಿಯುದ್ದಕ್ಕೂ ಬಯ್ಯುತ್ತಿದ್ದ.

ಒಂದು ದಿನ ಡಬ್ಬ ಕಂಬದಿಂದಲೇ ಕಳಚಿ ನಾಲೆಗೆ ಬಿತ್ತು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು ಎತ್ತಿ ತಂದ. ಒಳಗಿದ್ದ ಕಾಗದಗಳನ್ನೆಲ್ಲ ಅವ್ವನ ಮೊರದಲ್ಲಿ ಹರಡಿ ಬಿಸಿಲಿಗಿಟ್ಟ. ಶಾಯಿ ಕದಡಿ ನೀಲಿ ನೀರಾಗಿತ್ತು, ವಿಳಾಸ ಯಾವುದು, ವಿಷಯ ಯಾವುದು ಒಂದೂ ತಿಳಿಯುವಂತಿರಲಿಲ್ಲ. ಅಪ್ಪ ಸುತ್ತಲ ಊರುಗಳಿಗೆ ಹೋಗಿ, "ನಿನ್ನೆ ಮೊನ್ನೆ ಯಾರಾರು ಕಾಗ್ದ ಆಕಿದ್ರಾ, ಇನ್ನೊಂದ್ಸಲ ಬರ್ದುಬುಡಿ," ಎಂದು ಕೇಳಿಕೊಂಡು ಬಂದ. ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದದ್ದನ್ನು ನೋಡಿ ನನಗೆ ಅಳು ಬಂದಿತ್ತು. ಪೊಲೀಸ್ ಸ್ಟೇಷನ್ನಿಗೂ ಹೋಗಿ ದೂರು ಕೊಟ್ಟೆವು. ಅಲ್ಲಿದ್ದವರು ನಕ್ಕು, ಒಡೆದವರನ್ನು ಹಿಡಿದುಕೊಂಡು ಬನ್ನಿ, ಸರ್ಕಾರದ ಆಸ್ತಿ ಹಾಳು ಮಾಡಿದ ಕೇಸು ಹಾಕೋಣ ಎಂದರು. ಓಡುವ ಟ್ರಾಕ್ಟರಿನಿಂದ ಯಾರನ್ನು ಹಿಡಿಯುವುದು?

ಆ ವಾರವೇ ಅಪ್ಪ ನಮ್ಮ ಹೊಲದ ಬೇಲಿಯಿಂದ ಒಂದು ಕಲ್ಲುಕಂಬ ಕಿತ್ತ. ಗಾಡಿಗೆ ಹೇರಿಕೊಂಡು ಹೋಗಿ, ಡಬ್ಬಕ್ಕೂ ಟಾರಿಗೂ ನಡುವೆ ಗುಂಡಿ ತೋಡಿ, ನಾನೂ ಅವನೂ ಸೇರಿ ನೆಟ್ಟೆವು. ಎದೆಯ ಮಟ್ಟದ ಕಲ್ಲು. ಜಲ್ಲೆ ಬೀಸಿದರೆ ಇನ್ನು ಕಲ್ಲಿಗೆ ಬೀಳಬೇಕೇ ಹೊರತು ಡಬ್ಬಕ್ಕಲ್ಲ. ಅಪ್ಪನಿಗೆ ಆ ದಿನ ಬಹಳ ಖುಷಿಯಾಗಿತ್ತು. ಟೀ ಅಂಗಡಿಯಲ್ಲಿ ಕುಳಿತು ಎರಡೆರಡು ಸಲ ಟೀ ಕುಡಿದ.

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಯಾರೋ ಕಲ್ಲನ್ನು ಅಲ್ಲಾಡಿಸಿ ಅಲ್ಲಾಡಿಸಿ ವಾಲಿಸಿದ್ದರು. ಅಪ್ಪ ಅದನ್ನು ಮತ್ತೆ ನಿಲ್ಲಿಸಿ, ಬುಡಕ್ಕೆ ಜಲ್ಲಿ ಬಡಿದು ಮನೆಗೆ ಬಂದ. ಬಂದವನೇ ಒಳಗೆ ಹೋಗಿ ಅವ್ವನ ಅರಿಶಿನ ಕುಂಕುಮದ ಬಟ್ಟಲು ಎತ್ತಿಕೊಂಡ. ಅವ್ವ ಕೇಳಿದರೆ ಹೇಳಲಿಲ್ಲ. ನಾನು ಹಿಂದೆಯೇ ಹೋದೆ. ಕಲ್ಲಿಗೆ ನೀರೆರೆದು, ಮೈತುಂಬ ಅರಿಶಿನ ಬಳಿದು, ನಡುವೆ ಅಂಗೈ ಅಗಲ ಕುಂಕುಮ ಇಟ್ಟು, ನಾಲೆಯ ಬದಿಯಲ್ಲಿದ್ದ ಕಣಗಿಲೆ ಹೂ ಕಿತ್ತು ತಲೆಯ ಮೇಲಿಟ್ಟ.

"ಇನ್ನು ಯಾವನ್ ಮುಟ್ಟಾನು ನೋಡ್ತೀನಿ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಸಂಜೆ ಅವ್ವನಿಗೆ ವಿಷಯ ತಿಳಿದಾಗ ಅವಳು ಮಾತ್ರ ನಗಲಿಲ್ಲ. "ದೇವ್ರಲ್ಲದ್ದ ದೇವ್ರು ಮಾಡ್ಬಾರ್ದು ಕಣೇಳಿ," ಎಂದಳು. ನಮ್ಮ ಕಡೆ ಇದೇನು ಹೊಸದಲ್ಲ. ಗೋಡೆಯ ಮೂಲೆಯಲ್ಲಿ ಗಂಡಸರು ನಿಂತು ಗಲೀಜು ಮಾಡುತ್ತಾರೆಂದರೆ ಅಲ್ಲೊಂದು ದೇವರ ಪಟ ಅಂಟಿಸುತ್ತಾರೆ. ಅಪ್ಪ ಮಾಡಿದ್ದೂ ಅಷ್ಟೇ ಎಂದು ನಾನು ತಿಳಿದಿದ್ದೆ.

ಪಟ ಪಟವಾಗಿಯೇ ಇರುತ್ತದೆ. ಕಲ್ಲು ಹಾಗಲ್ಲ. ಮುಂದಿನ ವಾರ ಯಾರೋ ಒಂದು ಡಜನ್ ಹಸಿರು ಬಳೆ ಇಟ್ಟು ಹೋಗಿದ್ದರು. ಆಮೇಲೆ ಯಾರೋ ದೀಪ ಹಚ್ಚಿದರು. ಪರೀಕ್ಷೆ ಪಾಸಾದ ಹುಡುಗಿಯೊಬ್ಬಳು ಕಾಯಿ ಒಡೆದಳು, ಎಮ್ಮೆ ಕಳೆದು ಸಿಕ್ಕವರು ಕೋಳಿ ಕುಯ್ದರು. ಬಸ್ಸಿನ ಡ್ರೈವರುಗಳು ಹಾರನ್ ಒತ್ತಿ ಕೈ ಎತ್ತಿ ಮುಗಿಯತೊಡಗಿದರು. ಡಬ್ಬದಮ್ಮ ಎಂದು ಹೆಸರೂ ಆಯಿತು. ಊರಿನವರಿಗೆ ಆ ಕಲ್ಲು ಯಾರು ನೆಟ್ಟದ್ದು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೇಳಿದರೆ, "ಅಮ್ಮನೇ ಪೋಸ್ಟ್‌ಮಾಸ್ಟ್ರ ಕೈಲಿ ತರ್ಸ್ಕೊಂಡವ್ಳೆ," ಎನ್ನುತ್ತಿದ್ದರು. ಏನೇ ಆದರೂ ಡಬ್ಬಕ್ಕೆ ಆಮೇಲೆ ಒಂದು ಏಟೂ ಬೀಳಲಿಲ್ಲ.

ಹೀಗಿರುವಾಗ ಒಂದು ದಿನ ಅಂಚೆಯ ಮೇಲ್ ಓವರ್‌ಸೀಯರು ತಪಾಸಣೆಗೆ ಬಂದರು. ನಾಗಮಂಗಲದ ಕಡೆಯವರು, ಒಳ್ಳೆಯ ಮನುಷ್ಯ, ಸೈಕಲ್ಲಿನಲ್ಲೇ ತಿರುಗುತ್ತಿದ್ದರು. ಗೇಟಿನಲ್ಲಿ ಇಳಿದು, ಹೂವಿನಲ್ಲಿ ಮುಚ್ಚಿಹೋದ ಕಲ್ಲನ್ನೂ ಅದರ ಹಿಂದಿನ ಡಬ್ಬವನ್ನೂ ನೋಡಿ, ಅಪ್ಪನಿಂದ ಎಲ್ಲ ಕೇಳಿ ತಿಳಿದುಕೊಂಡರು.

"ನೋಡಿ ಮಾಸ್ಟ್ರೆ," ಎಂದರು, "ಡಬ್ಬ ನಮ್ ಇಲಾಖೇದು. ನೆಲ ಪಿ.ಡಬ್ಲ್ಯು.ಡಿ.ಯೋರ್ದು. ಕಲ್ಲು ಮಾತ್ರ ನಿಮ್ದು. ಡಬ್ಬ ಒಡ್ದೋನ ಮೇಲೆ ಕೇಸಾಗ್ತದೆ, ಸರಿ. ಆದ್ರೆ ನಾಳೆ ಯಾರಾದ್ರೂ ಬಂದು ಈ ಕಲ್ಲಿಗೆ ಗುದ್ದಿ ಕೈಕಾಲು ಮುರ್ಕೊಂಡ್ರೆ, ಕೇಸಾಗೋದು ಕಲ್ಲು ನೆಟ್ಟೋರ ಮೇಲೆ. ಜೈಲಾಗ್ಬೋದು, ಕೆಲ್ಸಾನೂ ಹೋಗ್ಬೋದು. ಮೊದ್ಲು ಇದನ್ನ ಕೀಳ್ಸಿ."

ಅಪ್ಪ ಕಾನೂನಿಗೆ ಹೆದರುವ ಮನುಷ್ಯ. ಮಾರನೆಯ ದಿನವೇ ಹಾರೆ ಹೆಗಲಿಗಿಟ್ಟುಕೊಂಡು ಹೊರಟ, ನಾನೂ ಹೋದೆ. ಅಲ್ಲಿ ನಾಲ್ಕಾರು ಹೆಂಗಸರು ಹರಕೆ ತೀರಿಸಲು ಬಂದಿದ್ದರು. ಹಾರೆ ಕಂಡದ್ದೇ ಕಲ್ಲಿನ ಸುತ್ತ ನಿಂತುಬಿಟ್ಟರು. "ಅಮ್ಮನ್ನ ಕೀಳಕ್ಕೆ ಬಂದಿದೀಯಲ್ಲಪ್ಪ, ನಿಂಗೇನ್ ಬಂದದೆ ಕೇಡು? ಊರಿಗೇನಾರ ಆದ್ರೆ ನೀನ್ ನೋಡ್ಕೊಂಡೀಯ?" ಎಂದು ಮುಗಿಬಿದ್ದರು. ಇದು ನನ್ನ ಹೊಲದ ಕಲ್ಲು ಕಣ್ರವ್ವ ಎಂದು ಅಪ್ಪ ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾನೇ ಬಳಿದ ಅರಿಶಿನವನ್ನು ತೊಳೆಯುವುದು ಅಪ್ಪನ ಕೈಯಲ್ಲಿ ಉಳಿದಿರಲಿಲ್ಲ. ಹಾರೆ ಹೊತ್ತುಕೊಂಡು ವಾಪಸು ಬಂದೆವು. ನೋಡೋಣ, ಮಳೆಗಾಲ ಕಳೆಯಲಿ, ಜನ ಮರೆಯಲಿ ಎಂದುಕೊಂಡೆವು.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಅಪ್ಪನಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳನ್ನು ಅದೇ ರಸ್ತೆಯಲ್ಲಿ ಇನ್ನೂ ಒಳಗಿನ ಒಂದು ಊರಿಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಇದ್ದೊಬ್ಬ ಮಗನನ್ನು ಬೆಳೆಸಿಕೊಂಡು, ಗೌರಿಹಬ್ಬಕ್ಕೆ, ಯುಗಾದಿಗೆ ತಪ್ಪದೆ ತವರಿಗೆ ಬರುತ್ತಿದ್ದಳು. ಬಂದವಳು ಅವ್ವನ ಅಡುಗೆಗೆ ಹೆಸರಿಟ್ಟು, ಅಪ್ಪನ ತಲೆಗೆ ಎಣ್ಣೆ ಹಚ್ಚಿ, ನಾವು ಕೊಟ್ಟ ತವರಿನ ಸೀರೆ ಉಟ್ಟುಕೊಂಡು ಹೋಗುತ್ತಿದ್ದಳು. ಅವಳ ಮಗ, ನನ್ನ ಬಾವ, ನನಗಿಂತ ಸ್ವಲ್ಪ ದೊಡ್ಡವನು. ನನ್ನನ್ನು ಕಂಡರೆ "ಏನ್ಲಾ ಟಪಾಲು" ಎಂದೇ ಕರೆಯುತ್ತಿದ್ದ. ರಜೆ ಬಂದರೆ ಇಬ್ಬರೂ ಸೈಕಲ್ಲು ತುಳಿದುಕೊಂಡು ತೊಣ್ಣೂರು ಕೆರೆಗೆ ಈಜಲು ಹೋಗುತ್ತಿದ್ದೆವು. ನಾನು ದಡದ ಹತ್ತಿರ ಕಾಲು ಬಡಿಯುತ್ತಿದ್ದರೆ ಅವನು ಕಾಣದಷ್ಟು ದೂರ ಹೋಗಿ, ಅಲ್ಲಿಂದ ನನ್ನನ್ನು ಕೂಗಿ ಅಣಕಿಸುತ್ತಿದ್ದ.

ಮಳೆಗಾಲ ಕಳೆಯಿತು, ಜನ ಮರೆಯಲಿಲ್ಲ. ಮತ್ತೆ ಕಬ್ಬಿನ ಕಾಲ ಬಂತು. ಒಂದು ಸಂಜೆ, ಬೆಳಕು ಇನ್ನೂ ಚೆನ್ನಾಗಿಯೇ ಇತ್ತು, ನಾನು ಟೀ ಅಂಗಡಿಯಲ್ಲಿ ಕುಳಿತಿದ್ದೆ. ಬಾವನ ಊರಿನ ಟ್ರಾಕ್ಟರು ಕಬ್ಬು ಹೇರಿಕೊಂಡು ಬರುತ್ತಿತ್ತು. ಟ್ರೈಲರಿನ ಎಡ ಅಂಚಿನಲ್ಲಿ, ಹೊರಬದಿಗೆ ಕಾಲೂರಿ, ಬಾವ ನಿಂತಿದ್ದ. ಅವನ ಕೈಯಲ್ಲಿ ಜಲ್ಲೆ ಇರಲಿಲ್ಲ, ಹಗ್ಗ ಹಿಡಿದಿದ್ದ. ನನ್ನನ್ನು ಕಂಡು ನಕ್ಕ. ಎದುರಿನಿಂದ ಬಸ್ಸು ಬಂತು. ಅದು ಕಿರಿದಾದ ರಸ್ತೆ, ಟ್ರಾಕ್ಟರಿನವನು ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಎಳೆದು ಮಣ್ಣಿಗಿಳಿಸಿದ. ಎಲ್ಲ ಡ್ರೈವರುಗಳೂ ಮಾಡುವುದು ಅದನ್ನೇ. ಕಲ್ಲಿಗೂ ಟ್ರೈಲರಿಗೂ ನಡುವೆ ಬಾವನ ಕಾಲು ಸಿಕ್ಕಿಕೊಂಡಿತು.

ಅವನು ಕೂಗಿದ್ದು ನನಗೆ ಈಗಲೂ ಕೇಳುತ್ತದೆ, ಅದನ್ನು ಬರೆಯಲು ಬರುವುದಿಲ್ಲ. ಟೀ ಅಂಗಡಿಯ ಭಾಯಿ ತನ್ನ ಹೆಗಲ ಮೇಲಿನ ಟವೆಲ್ಲನ್ನು ಅವನ ಕಾಲಿಗೆ ಬಿಗಿದು ಕಟ್ಟಿದರು. ಬಸ್ಸಿನಲ್ಲಿದ್ದವರನ್ನೆಲ್ಲ ಇಳಿಸಿ, ಅದೇ ಬಸ್ಸನ್ನು ತಿರುಗಿಸಿ ಪಾಂಡವಪುರಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಿದೆವು. ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆಸ್ಪತ್ರೆಯಲ್ಲಿ ಬಾವನಿಗೆ ಎಚ್ಚರ ಬಂದಾಗ ಅಪ್ಪ ಮಂಚದ ಪಕ್ಕ ನಿಂತಿದ್ದ. ಬಾವ ಅಪ್ಪನ ಕೈ ಹಿಡಿದುಕೊಂಡು, "ಮಾವ, ಓದ್ವರ್ಸ ನಾನೂ ಒಂದ್ಸಲ ಡಬ್ಬಕ್ಕೆ ಒಡ್ದಿದ್ದೆ. ತಮಾಸೆಗೆ," ಎಂದ. ಅಪ್ಪ ಕೈ ಬಿಡಿಸಿಕೊಂಡ. ಹೊರಗೆ ಬಂದು ಗೋಡೆಗೆ ಒರಗಿ ಅತ್ತ. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕೆಲವು ದಿನಗಳಲ್ಲಿ ಪೊಲೀಸರು ಗೇಟಿಗೆ ಮಹಜರಿಗೆ ಬಂದರು. ಊರಿನವರು ಸೇರಿದ್ದರು, ಅತ್ತೆಯೂ ಬಂದಿದ್ದಳು. ಸಬ್‌ಇನ್ಸ್‌ಪೆಕ್ಟರು ಲಾಠಿಯಿಂದ ಕಲ್ಲನ್ನು ತೋರಿಸಿ, "ರಸ್ತೆ ಅಂಚಲ್ಲಿ ಇದನ್ನ ಯಾರ್ರೀ ನೆಟ್ಟಿದ್ದು? ಇದಿಲ್ದಿದ್ರೆ ಹುಡುಗನ ಕಾಲು ಉಳೀತಿತ್ತು," ಎಂದರು. ಅಪ್ಪ ಬಾಯಿ ತೆರೆದ. ಅವನಿಗಿಂತ ಮುಂಚೆ ಊರ ಯಜಮಾನರು ಹೇಳಿಬಿಟ್ಟರು:

"ನೆಡೋದೇನ್ ಬಂತು ಸಾ. ನಮ್ ತಾತನ ಕಾಲ್ದಿಂದ್ಲೂ ಅಮ್ಮ ಇಲ್ಲೇ ಅವ್ಳೆ."

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ಸಬ್‌ಇನ್ಸ್‌ಪೆಕ್ಟರು ಅತ್ತೆಯ ಕಡೆ ತಿರುಗಿ, "ನೀವೇನಮ್ಮ ಹೇಳ್ತೀರಿ? ಯಾರ ಮೇಲಾದ್ರೂ ಅನುಮಾನ ಇದ್ಯಾ?" ಎಂದರು. ಅತ್ತೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಕಲ್ಲಿನ ಮುಂದೆ ಅಡ್ಡಬಿದ್ದಳು. ಎದ್ದು, "ಅಮ್ಮನ ಮೇಲೆ ಕಂಪ್ಲೇಂಟು ಕೊಡಕ್ಕಾಯ್ತದಾ ಸ್ವಾಮಿ?" ಎಂದಳು. ಅಲ್ಲಿಗೆ ಮಹಜರು ಮುಗಿಯಿತು. ಕೊನೆಗೆ ಅಜಾಗರೂಕತೆ ಎಂದು ಟ್ರಾಕ್ಟರಿನ ಡ್ರೈವರನ ಮೇಲೆ ಕೇಸು ಹಾಕಿದರು. ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ.

ಕಲ್ಲು ನೆಟ್ಟದ್ದನ್ನು ಅಪ್ಪ ನಾಚಿಕೆಯಿಂದ ಅಕ್ಕನ ಮನೆಯವರಿಗೆ ಹೇಳಿರಲಿಲ್ಲ, ಆ ಮಾತು ಅವರ ಊರಿಗೂ ಮುಟ್ಟಿರಲಿಲ್ಲ. ನಮ್ಮೂರಿನವರು ಯಾರೂ ಅತ್ತೆಯ ಮುಂದೆ ನಿಜ ಹೇಳಲಿಲ್ಲ. ಅತ್ತೆ ಮಾತ್ರ ಶುಕ್ರವಾರ ಬಂತೆಂದರೆ ಬೆಳಗಿನ ಬಸ್ಸಿಗೆ ಬಂದು ಗೇಟಿನಲ್ಲಿ ಇಳಿಯುತ್ತಿದ್ದಳು. ಕುಕ್ಕೆಯಲ್ಲಿ ಕಾಯಿ, ಎಣ್ಣೆ, ವೀಳ್ಯದೆಲೆ. ಕಲ್ಲಿಗೆ ನೀರೆರೆದು, ಅರಿಶಿನ ಹಚ್ಚಿ, ದೀಪ ಇಟ್ಟು, ಮಗನ ತಪ್ಪು ಮನ್ನಿಸು ತಾಯಿ ಎಂದು ಬಸ್ಸಿನವರಿಗೆಲ್ಲ ಕೇಳುವಂತೆ ಬೇಡಿಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಅಪ್ಪ ಡಬ್ಬ ತೆಗೆಯಲು ಹೋಗಬೇಕು. ಅಕ್ಕನ ಬೆನ್ನ ಹಿಂದೆ ನಿಂತು, ಅವಳು ಮುಗಿಸುವವರೆಗೆ ಕಾದು, ನಂತರ ಬೀಗ ತೆಗೆಯುತ್ತಿದ್ದ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಮೈಯೆಲ್ಲ ಇಳಿದುಹೋಯಿತು. ಬಾವನ ಕಾಲಿನ ಸಂಕಟ ಒಂದು ಕಡೆ, ತಾನು ನೆಟ್ಟ ಬೇಲಿ ಕಲ್ಲಿಗೆ ಅಕ್ಕ ಅಡ್ಡಬೀಳುವುದನ್ನು ನೋಡುವ ಸಂಕಟ ಇನ್ನೊಂದು ಕಡೆ. ಹೇಳಿಬಿಡು ಎಂದು ನಾನು ಜಗಳವಾಡುತ್ತಿದ್ದೆ. ಹೇಳಿದರೆ ಜೈಲು ಎಂದು ಅವ್ವ ಅಳುತ್ತಿದ್ದಳು.

ಒಂದು ಶುಕ್ರವಾರ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಅತ್ತೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಸುತ್ತ ಯಾರೂ ಇರಲಿಲ್ಲ.

"ಅಕ್ಕ, ಎದ್ದೇಳು," ಎಂದ ಅಪ್ಪ. "ಇದು ದೇವ್ರಲ್ಲ. ನಮ್ಮೊಲದ ಬೇಲಿ ಕಲ್ಲು. ನಾನೇ ತಂದು ನೆಟ್ಟೋನು, ಅರಿಸ್ನ ಬಳ್ದೋನೂ ನಾನೇಯ. ನಿನ್ ಮಗನ ಕಾಲು ಕಳ್ದೋನು ನಾನು."

ಅತ್ತೆ ತಲೆಯೆತ್ತಲಿಲ್ಲ. ಬತ್ತಿಯನ್ನು ಎಣ್ಣೆಯಲ್ಲಿ ಅದ್ದುತ್ತ, "ಗೊತ್ತು ಕಣಪ್ಪ," ಎಂದಳು. "ಈ ಕಲ್ಲಿಗೆ ಎಮ್ಮೆ ಕಟ್ಟಿ ಬೆಳ್ದೋಳು ನಾನು. ನಮ್ಮಪ್ಪ ಬೇಲಿಗೆ ನೆಟ್ಟ ಕಲ್ಲು ನಂಗೆ ಗುರ್ತು ಸಿಕ್ಕಾಕಿಲ್ವಾ? ಪೋಲೀಸ್ನೋರು ಬಂದ ದಿನ್ವೇ ನೋಡ್ದೆ."

"ಮತ್ಯಾಕಕ್ಕ ವಾರವಾರ ಬತ್ತೀಯ?"

"ಪೋಲೀಸ್ನೋರು ಇದೇ ರಸ್ತೇಲಿ ಓಡಾಡ್ತಾರಲ್ಲ, ನೋಡ್ಲಿ ಅಂತ. ಕಾಲು ಕಳ್ಕೊಂಡೋನ ತಾಯೇ ಬಂದು ಕಾಯಿ ಒಡೀತಾವ್ಳೆ ಅಂದ್ರೆ, ಇದು ಯಾರ್ ನೆಟ್ಟ ಕಲ್ಲು ಅಂತ ಯಾವೋನು ಕೇಳಾನು?"

ಅಪ್ಪ ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತ. ಈಗಲೇ ಸ್ಟೇಷನ್ನಿಗೆ ಹೋಗುತ್ತೇನೆ, ಎಲ್ಲ ಹೇಳುತ್ತೇನೆ ಎಂದ. ಅತ್ತೆ ಅವನ ತೋಳು ಹಿಡಿದಳು.

"ಓದ್ರೆ ಅವ್ನ ಕಾಲು ಬತ್ತದಾ? ಗಂಡ ಓದ. ಮಗ ಇಂಗಾದ. ನೀನೂ ಒಳಕ್ಕೋದ್ರೆ ನಂಗೆ ತವರು ಅಂತ ಏನ್ಲಾ ಉಳೀತದೆ? ಆ ಮನೆ ಬಾಗ್ಲಿಗೆ ನಾನ್ ಯಾರ್ನ ನೋಡಕ್ಕೆ ಬರ್ಲಿ?" ನಮ್ಮಿಬ್ಬರ ಮುಖ ನೋಡಿದಳು. "ಯಾರೋ ಲಾಯ್ರು ಕಡೆಯೋನು ಬಂದು, ಕಲ್ಲು ನೆಟ್ಟೋರ್ನ ಉಡುಕಿ ಕೇಸಾಕು ಅಂತ ನನ್ ಮಗನ ತಲೆ ತುಂಬಿದ್ದ. ಆಕೇಬುಡ್ತೀನಿ ಅಂತ ಕುಂತಿದ್ದ ಇವ್ನು. ಅದ್ಕೇ ಯೋಳ್ದೆ, ನೀನ್ ಡಬ್ಬಕ್ಕೆ ಒಡ್ದಿದ್ಯಲ್ಲ, ಅಮ್ಮ ಮುನಿಸ್ಕೊಂಡು ಕಾಲು ತಕ್ಕೊಂಡವ್ಳೆ, ಕೋರ್ಟು ಗೀರ್ಟು ಅಂದ್ರೆ ಇನ್ನೊಂದೂ ಓಯ್ತದೆ ಅಂತ. ನಂಬ್ಕೊಂಡವ್ನೆ. ಅವ್ನಿಗೆ ಮಾತ್ರ ಯೋಳ್ಬೇಡಿ ಕಣ್ರಪ್ಪ."

ನನಗೆ ಅತ್ತೆಯ ಮೇಲೆ ಸಿಟ್ಟು ಬಂತು, ತಡೆಯಲಾರದಷ್ಟು. ತಮ್ಮನನ್ನು ಉಳಿಸಿಕೊಳ್ಳಲು ಮಗನ ತಲೆಗೆ ಪಾಪ ಕಟ್ಟಿದ್ದಳು. ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅವಳು ಸೆರಗಿನಿಂದ ಅಪ್ಪನ ಮುಖ ಒರೆಸುತ್ತಿದ್ದಳು. ಯಾರನ್ನು ಬಯ್ಯಬೇಕೆಂದು ನನಗೆ ತಿಳಿಯಲಿಲ್ಲ, ನಾಲೆಯ ಕಡೆ ಮುಖ ತಿರುಗಿಸಿ ನಿಂತೆ.

ಅಪ್ಪ ಸ್ಟೇಷನ್ನಿಗೆ ಹೋಗಲಿಲ್ಲ. ಅತ್ತೆಯ ಉಳುಮೆ, ಬಿತ್ತನೆ, ಕೊಯ್ಲು ಎಲ್ಲ ತಾನೇ ನೋಡಿಕೊಂಡ. ಬಾವನಿಗಾಗಿ ಅಪ್ಪ ಮಾಡಿದ್ದು ಅಷ್ಟೇ, ಅದು ಸಾಲದೆಂದು ಅಪ್ಪನಿಗೂ ಗೊತ್ತಿತ್ತು.

ವರ್ಷದ ಮೇಲೆ ಬಾವ ಮೊದಲ ಸಲ ತಾನೇ ಬಸ್ಸು ಹತ್ತಿ ಗೇಟಿಗೆ ಬಂದ. ಅತ್ತೆಗೆ ಜ್ವರ, ಪೂಜೆ ತಪ್ಪಬಾರದೆಂದು ಅವನೇ ಹೊರಟಿದ್ದ. ಊರುಗೋಲು ಊರಿಕೊಂಡು, ಬಗಲಿಗೆ ಕುಕ್ಕೆ ಹಾಕಿಕೊಂಡು ಇಳಿಯುತ್ತಿದ್ದವನನ್ನು ನಾನು ಹಿಡಿದುಕೊಂಡೆ. "ಬುಡ್ಲಾ, ಇಳೀತೀನಿ," ಎಂದ. ಟಪಾಲು ಎಂದು ಕರೆಯಲಿಲ್ಲ. ಬಗ್ಗಲಾರದೆ ನಿಂತೇ ಕಲ್ಲಿಗೆ ನೀರೆರೆದ, ನಿಂತೇ ಹೂ ಇಟ್ಟ. ಅಪ್ಪ ಡಬ್ಬದ ಹತ್ತಿರ ನಿಂತಿದ್ದ.

"ಮಾವ," ಎಂದ ಬಾವ. "ನೀನು ದಿನಾ ಈ ಅಮ್ಮನ ಮುಂದೇನೇ ಓಡಾಡ್ತೀಯ. ಅವ್ಳಿಗೆ ಇನ್ನೂ ನನ್ ಮೇಲೆ ಸಿಟ್ಟದಾ?"

ಅಪ್ಪ ಅವನ ಕಡೆ ತಿರುಗಿದ. ಹೇಳಿಬಿಡುತ್ತಾನೆ ಎಂದುಕೊಂಡೆ.

"ಇಲ್ಲ ಕಣಪ್ಪ. ನಿನ್ ಮೇಲೆ ಯಾರ್ಗೂ ಸಿಟ್ಟಿಲ್ಲ. ನಿಂದೇನೂ ತಪ್ಪಿಲ್ಲ," ಎಂದ.

ಬಾವ ಕಲ್ಲನ್ನು ನೋಡಿದ, ಮತ್ತೆ ಅಪ್ಪನನ್ನು ನೋಡಿದ.

"ತಪ್ಪಿಲ್ದಿದ್ರೆ ಕಾಲ್ಯಾಕ್ ಮಾವ ತಕ್ಕೊಂಡ್ಳು?"

ಅಪ್ಪ ಬಾಗಿ ಡಬ್ಬದ ಬೀಗಕ್ಕೆ ಕೈ ಹಾಕಿದ. ಕೀಲಿ ಬೀಗದ ಬಾಯಿಗೆ ಸಿಗಲಿಲ್ಲ, ಮತ್ತೆ ಮತ್ತೆ ತಪ್ಪುತ್ತಿತ್ತು. ಬಾವ ಉತ್ತರಕ್ಕೆ ಕಾಯುತ್ತ ಹಾಗೇ ನಿಂತಿದ್ದ. ನಾನು ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ಡಬ್ಬ ತೆಗೆದೆ.